ಒಂದೇ ಮೈಕಟ್ಟು, ಎರಡು ಎಂಜಿನ್: 1969ರ ಮಸ್ಟಾಂಗ್ ಬಾಸ್ 302 ಮತ್ತು ಬಾಸ್ 429

ಪ್ರಶ್ನೆ
ತುಂಗಾತೀರದ ಬೋಧಕ, ಶಿವಮೊಗ್ಗ

ಮಾನ್ಯರೇ,

ನಾನು ಶಿವಮೊಗ್ಗದಲ್ಲಿ ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಂಜಿನ್ ವಿಷಯದ ಪಾಠ ಮಾಡುತ್ತೇನೆ. ಒಂದೇ ಗಾಡಿಗೆ ಎರಡು ಬೇರೆ ಬೇರೆ ಎಂಜಿನ್ ಕೂರಿಸಿದರೆ ಅದರ ಸ್ವಭಾವ ಎಷ್ಟರಮಟ್ಟಿಗೆ ಬದಲಾಗುತ್ತದೆ ಎಂಬುದನ್ನು ತರಗತಿಯಲ್ಲಿ ವಿವರಿಸಲು ಒಂದು ಒಳ್ಳೆಯ ಉದಾಹರಣೆ ಬೇಕಿತ್ತು. ಅದಕ್ಕಾಗಿ 1969ರ ಫೋರ್ಡ್ ಮಸ್ಟಾಂಗ್‌ನ ಬಾಸ್ 302 ಮತ್ತು ಬಾಸ್ 429 ಎಂಬ ಎರಡು ಆವೃತ್ತಿಗಳನ್ನು ಆರಿಸಿಕೊಂಡಿದ್ದೇನೆ. ಎರಡೂ ಒಂದೇ ವರ್ಷದವು. ಎರಡಕ್ಕೂ ಹಿಂದಕ್ಕೆ ಇಳಿಜಾರಾದ ಮಾಡಿನ ಅದೇ ಮೈಕಟ್ಟು, ಮುಂದಿನ ಹಿಂದಿನ ಚಕ್ರಗಳ ನಡುವೆ 108 ಅಂಗುಲದ ಅದೇ ವ್ಹೀಲ್‌ಬೇಸ್. ಎರಡೂ ನಾಲ್ಕು ಗೇರಿನ ಮ್ಯಾನ್ಯುವಲ್ ಪೆಟ್ಟಿಗೆಯೊಂದಿಗೆ ಮಾತ್ರ ಸಿಗುತ್ತಿದ್ದವು.

ಆದರೆ ಬಾಸ್ 302ರಲ್ಲಿ ಇರುವುದು 4.9 ಲೀಟರಿನ, 290 ಅಶ್ವಶಕ್ತಿಯ ವಿ8 ಎಂಜಿನ್. ಬಾಸ್ 429ರಲ್ಲಿ ಇರುವುದು 7 ಲೀಟರಿನ, 375 ಅಶ್ವಶಕ್ತಿಯ ವಿ8. ಅಂಕಿಗಳನ್ನಷ್ಟೇ ನೋಡಿದರೆ ಪ್ರಶ್ನೆ ಅಲ್ಲಿಗೇ ಮುಗಿಯಬೇಕು. ಹಾಗಿದ್ದೂ ಓಡಿಸುವ ಸುಖದ ಬಗ್ಗೆ ಬರೆದವರು ಹೆಚ್ಚಾಗಿ ಹೊಗಳುವುದು 302ನ್ನು, ಹರಾಜಿನಲ್ಲಿ ಹೆಚ್ಚು ಹಣ ಕೊಟ್ಟು ಕೊಳ್ಳುವುದು 429ನ್ನು. ಈ ವೈರುಧ್ಯಕ್ಕೆ ತಾಂತ್ರಿಕ ಕಾರಣ ಏನೆಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ನನ್ನದಲ್ಲ, ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿಯದು: "ಸರ್, ಎರಡನ್ನೂ ಆಗುಂಬೆ ಘಾಟಿಗೆ ಬಿಟ್ಟರೆ ಯಾವುದು ಚೆನ್ನಾಗಿ ಹತ್ತುತ್ತದೆ?" ಇಡೀ ತರಗತಿ ನಕ್ಕಿತು. ಆದರೆ ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕಾದರೆ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), ಗೇರ್ ಅನುಪಾತ, ತೂಕದ ಹಂಚಿಕೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ 1
ಸಾಗರದವ, ಸದ್ಯ ಮಿಶಿಗನ್

ಬೋಧಕರಿಗೆ ನಮಸ್ಕಾರ. ಊರು ಸಾಗರ, ಉದ್ಯೋಗ ಡೆಟ್ರಾಯಿಟ್‌ನ ಹತ್ತಿರ. ಇಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿಯುದ್ದಕ್ಕೂ ಹಳೆಯ ಕಾರುಗಳು ಸಾಲುಗಟ್ಟುತ್ತವೆ. ಅಲ್ಲಿ ಈ ಎರಡೂ ಕಾರುಗಳನ್ನು ಹತ್ತಿರದಿಂದ ನೋಡುವ, ಅವುಗಳ ಮಾಲೀಕರನ್ನು ಮಾತನಾಡಿಸುವ ಅವಕಾಶ ನನಗೆ ಸಿಕ್ಕಿದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿರುವುದು ಎಂಜಿನ್ನಿನ ಒಳಗಿಗಿಂತ ಹೆಚ್ಚಾಗಿ ಅಂದಿನ ರೇಸುಗಳ ನಿಯಮ ಪುಸ್ತಕದಲ್ಲಿ ಎಂದು ನನ್ನ ಅಭಿಪ್ರಾಯ.

ಆಗ ಅಮೆರಿಕದಲ್ಲಿ ಟ್ರಾನ್ಸ್-ಆಮ್ ಎಂಬ ರೇಸ್ ಸರಣಿ ಬಹಳ ಜನಪ್ರಿಯವಾಗಿತ್ತು. ಎಡಕ್ಕೂ ಬಲಕ್ಕೂ ತಿರುಗುವ, ಏರಿಳಿತಗಳಿರುವ ಟ್ರ್ಯಾಕುಗಳಲ್ಲಿ ಅದು ನಡೆಯುತ್ತಿತ್ತು; ಎಂಜಿನ್ ಗಾತ್ರ 5 ಲೀಟರ್, ಅಂದರೆ 305 ಘನ ಅಂಗುಲ, ಮೀರುವಂತಿರಲಿಲ್ಲ. ಷೆವ್ರೊಲೆಟ್ ಕಂಪನಿ ಅದಕ್ಕೆಂದೇ ಕ್ಯಾಮರೊ ಝಡ್/28 ಎಂಬ ಕಾರನ್ನು 302 ಘನ ಅಂಗುಲದ ಎಂಜಿನ್ನಿನೊಂದಿಗೆ ಮಾಡಿ, ರೋಜರ್ ಪೆನ್ಸ್ಕಿ ಅವರ ತಂಡದ ಮಾರ್ಕ್ ಡೊನೊಹ್ಯು ಅವರ ಚಾಲನೆಯಲ್ಲಿ 1968ರಲ್ಲಿ ಸರಣಿಯನ್ನು ಗೆದ್ದುಕೊಂಡಿತು. ಅದೇ ವರ್ಷ ಫೋರ್ಡ್ ಕಣಕ್ಕಿಳಿಸಿದ ಟನಲ್‌ಪೋರ್ಟ್ ಎಂಜಿನ್‌ಗಳು ರೇಸಿನಿಂದ ರೇಸಿಗೆ ಕೈಕೊಟ್ಟವು. ಆ ಸೋಲಿಗೆ ಫೋರ್ಡ್ ಕೊಟ್ಟ ಉತ್ತರವೇ ಬಾಸ್ 302. ತನ್ನ ಚಿಕ್ಕ ವಿ8 ಬ್ಲಾಕನ್ನು ಅವರು ಗಟ್ಟಿ ಮಾಡಿದರು. ಮಧ್ಯದ ಮೂರು ಮೇನ್ ಬೇರಿಂಗ್ ಕ್ಯಾಪುಗಳಿಗೆ ನಾಲ್ಕು ನಾಲ್ಕು ಬೋಲ್ಟು, ಫೋರ್ಜ್ ಮಾಡಿದ ಕ್ರ್ಯಾಂಕ್ ಕೊಟ್ಟರು. ಅದರ ಮೇಲೆ, ಮುಂದೆ ಬರಲಿದ್ದ 351 ಕ್ಲೀವ್‌ಲೆಂಡ್ ಎಂಜಿನ್ನಿನ ಮಾದರಿಯ ಹೆಡ್ಡುಗಳನ್ನು ಕೂರಿಸಿದರು. ಆ ಹೆಡ್ಡಿನ ವಾಲ್ವುಗಳು ಓರೆಯಾಗಿ ಕೂತಿರುವುದರಿಂದ ದೊಡ್ಡ ವಾಲ್ವುಗಳಿಗೆ ಜಾಗ ಸಿಗುತ್ತದೆ. 1969ರ ಇನ್‌ಟೇಕ್ ವಾಲ್ವಿನ ಅಗಲ 2.23 ಅಂಗುಲ, ನಾಲ್ಕು ಅಂಗುಲದ ಬೋರಿನಲ್ಲಿ (ಸಿಲಿಂಡರಿನ ಒಳ ಅಗಲದಲ್ಲಿ) ಅದು ಎಷ್ಟು ಜಾಗ ತಿನ್ನುತ್ತದೆಂದು ನಿಮ್ಮ ವಿದ್ಯಾರ್ಥಿಗಳೇ ಚಿತ್ರ ಬರೆದು ನೋಡಲಿ.

ಎಂಜಿನ್ನಿಗೆ ತಕ್ಕಂತೆ ಉಳಿದ ಗಾಡಿಯನ್ನೂ ಹದಗೊಳಿಸಿದರು ಎಂಬುದೇ 302ರ ವಿಶೇಷ. ಮುಂದೆ ಡಿಸ್ಕ್ ಬ್ರೇಕ್, ಬೇಗ ತಿರುಗುವ ಸ್ಟಿಯರಿಂಗ್, ದಪ್ಪನೆಯ ಆಂಟಿರೋಲ್ ಬಾರ್, ಹಿಂದಿನ ಅಚ್ಚಿಗೆ ಒಂದು ಮುಂದೊಂದು ಹಿಂದೆ ಇಟ್ಟ ಶಾಕ್ ಅಬ್ಸಾರ್ಬರುಗಳು, ಅಗಲವಾದ ಎಫ್60-15 ಟೈರು. ಜನರಲ್ ಮೋಟಾರ್ಸ್‌ನಿಂದ ಬಂದಿದ್ದ ವಿನ್ಯಾಸಕಾರ ಲ್ಯಾರಿ ಶಿನೋಡ ಅವರು ಪಕ್ಕದಲ್ಲಿದ್ದ ಹುಸಿ ಗಾಳಿಗಿಂಡಿಗಳನ್ನು ಕಿತ್ತುಹಾಕಿ, ಮುಂದೆ ಗಲ್ಲದ ಕೆಳಗೊಂದು ಸ್ಪಾಯ್ಲರ್ ಮತ್ತು ಬದಿಗೆ ಕಪ್ಪು ಪಟ್ಟಿ ಕೊಟ್ಟರು. ಅಲಂಕಾರವನ್ನು ತೆಗೆದುಹಾಕಿ ಚೆಂದ ಮಾಡಿದ ಕಾರು ಆ ಕಾಲದ ಅಮೆರಿಕದಲ್ಲಿ ಅಪರೂಪವೇ ಸರಿ.

ಬಾಸ್ 429ರ ಕಥೆ ಬೇರೆ. ಅದರ ಎಂಜಿನ್ ಹುಟ್ಟಿದ್ದು ನಾಸ್ಕಾರ್ ಎಂಬ ರೇಸ್ ಸರಣಿಯ ಮೊಟ್ಟೆಯಾಕಾರದ (ಓವಲ್) ಟ್ರ್ಯಾಕುಗಳಿಗಾಗಿ, ಕ್ರೈಸ್ಲರ್ ಕಂಪನಿಯ 426 ಹೆಮಿ ಎಂಜಿನ್ನನ್ನು ಹಿಮ್ಮೆಟ್ಟಿಸುವ ಸಲುವಾಗಿ. ನಿಯಮದ ಪ್ರಕಾರ ಅಂಥ ಎಂಜಿನ್ ಇರುವ ಕನಿಷ್ಠ 500 ಕಾರುಗಳನ್ನು ಸಾರ್ವಜನಿಕರಿಗೆ ಮಾರಿರಬೇಕಿತ್ತು. ಆದರೆ ಟ್ರ್ಯಾಕಿನಲ್ಲಿ ಓಡಿದ್ದು ಮಸ್ಟಾಂಗ್ ಅಲ್ಲ. ಅದಕ್ಕಿಂತ ದೊಡ್ಡದಾದ ಟೊರಿನೊ ಟಾಲ್ಲಡೀಗ ಮತ್ತು ಮರ್ಕ್ಯುರಿ ಸೈಕ್ಲೋನ್. ಅಂದರೆ ಆ ಎಂಜಿನ್ನನ್ನು ಗಿರಾಕಿಯ ಮನೆಬಾಗಿಲಿಗೆ ತಲುಪಿಸುವ ವಾಹನವಾಗಿಯಷ್ಟೇ ಮಸ್ಟಾಂಗನ್ನು ಬಳಸಿಕೊಳ್ಳಲಾಯಿತು. ಆ ಮಹಾಗಾತ್ರದ ಎಂಜಿನ್ ಮಸ್ಟಾಂಗ್‌ನ ಬಾನೆಟ್ ಕೆಳಗೆ ಸುಲಭಕ್ಕೆ ಹಿಡಿಯುವಂತಿರಲಿಲ್ಲ. ಹಾಗಾಗಿ ಮಿಶಿಗನ್‌ನ ಬ್ರೈಟನ್ ಊರಿನಲ್ಲಿದ್ದ ಕಾರ್ ಕ್ರಾಫ್ಟ್ ಎಂಬ ಸಂಸ್ಥೆಗೆ ಕಾರುಗಳನ್ನು ಕಳುಹಿಸಿ, ಮುಂದಿನ ಶಾಕ್ ಟವರುಗಳನ್ನು (ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಹಿಡಿಯುವ ಗೂಡುಗಳನ್ನು) ಹೊರಕ್ಕೆ ಸರಿಸಿ, ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ, ಒಂದೊಂದಾಗಿ ಎಂಜಿನ್ ಇಳಿಸಲಾಯಿತು. ಏರ್ ಕಂಡಿಷನರ್‌ಗೆ ಜಾಗವೇ ಉಳಿಯಲಿಲ್ಲ. 1969 ಮತ್ತು 1970 ಎರಡೂ ವರ್ಷ ಸೇರಿ ತಯಾರಾದ ಬಾಸ್ 429ಗಳು 1,400ಕ್ಕಿಂತ ಕಡಿಮೆ. ಬಾಸ್ 302 ಮೊದಲ ವರ್ಷ 1,628, ಮರುವರ್ಷ ಏಳು ಸಾವಿರಕ್ಕೂ ಹೆಚ್ಚು. ಹರಾಜಿನ ಬೆಲೆಗೆ ಮುಖ್ಯ ಕಾರಣ ಇಲ್ಲೇ ಸಿಗುತ್ತದೆ.

ನೀವು ಪಾಠಕ್ಕೆ ಬಳಸಬಹುದಾದ ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ. 4.9 ಲೀಟರಿನ 302ಕ್ಕೆ ಕೊಟ್ಟಿದ್ದು ನಿಮಿಷಕ್ಕೆ 780 ಘನ ಅಡಿ ಗಾಳಿ ಸಾಗಿಸಬಲ್ಲ ಹಾಲಿ ಕಾರ್ಬುರೇಟರ್. 7 ಲೀಟರಿನ 429ಕ್ಕೆ ಕೊಟ್ಟಿದ್ದು 735 ಘನ ಅಡಿಯದ್ದು. ದೊಡ್ಡ ಎಂಜಿನ್ನಿಗೆ ಚಿಕ್ಕ ಮೂಗು! ಲೀಟರಿಗೆ ಲೆಕ್ಕ ಹಾಕಿದರೆ 302ಕ್ಕೆ ಸುಮಾರು 158 ಘನ ಅಡಿ, 429ಕ್ಕೆ ಸುಮಾರು 105 ಮಾತ್ರ. ಅದರ ಜೊತೆಗೆ ಸೌಮ್ಯವಾದ ಕ್ಯಾಮ್‌ಶಾಫ್ಟ್, ಹೊಗೆ ಸರಾಗವಾಗಿ ಹೊರಹೋಗದ ಎಕ್ಸಾಸ್ಟ್. ಆ ಅಲ್ಯೂಮಿನಿಯಂ ಹೆಡ್ಡುಗಳ ರಾಜಬೀದಿಯಂಥ ಪೋರ್ಟುಗಳನ್ನು ತುಂಬುವಷ್ಟು ಗಾಳಿಯೇ ಅಲ್ಲಿಗೆ ತಲುಪುತ್ತಿರಲಿಲ್ಲ. ಆದ್ದರಿಂದ ಶೋರೂಮಿನಿಂದ ಹೊರಬಂದ ಸ್ಥಿತಿಯಲ್ಲಿ ಬಾಸ್ 429 ತನ್ನ ಹೆಸರಿಗೆ ತಕ್ಕ ಓಟ ತೋರಿಸಲಿಲ್ಲ ಎಂದು ಅಂದಿನವರೇ ನಿರಾಶೆಪಟ್ಟಿದ್ದರು. ಅದಕ್ಕಿಂತ ಅಗ್ಗವಾದ 428 ಕೋಬ್ರಾ ಜೆಟ್ ಎಂಜಿನ್ನಿನ ಮಸ್ಟಾಂಗೇ ಬೀದಿಗೆ ಸಾಕೆಂದು ಹಲವರು ಭಾವಿಸಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ನನ್ನ ಆಯ್ಕೆ ಕೇಳಿದರೆ ಹಿಂದೆ ಮುಂದೆ ನೋಡದೆ 302 ಎನ್ನುತ್ತೇನೆ. ಆಗುಂಬೆಗೂ ಅದೇ. ತಿರುವುಗಳಿಗೆಂದೇ ಹುಟ್ಟಿದ ಕಾರು ಅದು.

ಉತ್ತರ 2
ಕೊಪ್ಪದ ಗ್ಯಾರೇಜು

ಸಾಗರದವರು ಇತಿಹಾಸವನ್ನು ಬಹಳ ಚೆನ್ನಾಗಿ ತಿಳಿಸಿದ್ದಾರೆ. ಆದರೆ ಆಗುಂಬೆಯ ಬಗ್ಗೆ ಅವರು ಕೊಟ್ಟ ಒಂದು ಸಾಲಿನ ತೀರ್ಪನ್ನು ನಾನು ಒಪ್ಪುವುದಿಲ್ಲ. ಟ್ರಾನ್ಸ್-ಆಮ್ ಟ್ರ್ಯಾಕಿನ ತಿರುವೇ ಬೇರೆ, ನಮ್ಮ ಘಾಟಿಯ ತಿರುವೇ ಬೇರೆ. ಅಲ್ಲಿ ಮೂರನೆಯ ಗೇರಿನಲ್ಲಿ ನೂರು ಕಿಲೊಮೀಟರ್ ವೇಗದಲ್ಲಿ ತಿರುಗಿಸುತ್ತಾರೆ. ಇಲ್ಲಿ ಸೋಮೇಶ್ವರದಿಂದ ಮೇಲಕ್ಕೆ ಹೊರಟರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಮೊದಲನೆಯ ಗೇರು ಬಿಟ್ಟರೆ ಎರಡನೆಯದು, ವೇಗ ಇಪ್ಪತ್ತರ ಆಸುಪಾಸು. ಎದುರಿಗೆ ಮಿನಿ ಬಸ್ಸು ಬಂದರೆ ಅದೂ ಇಲ್ಲ.

ಬೋಧಕರು ಬಯಸಿದ ಲೆಕ್ಕವನ್ನೇ ಮಾಡೋಣ. ಎಫ್60-15 ಟೈರಿನ ಅಡ್ಡಳತೆ ಸುಮಾರು 66 ಸೆಂಟಿಮೀಟರ್. ಚಕ್ರ ಒಂದು ಸುತ್ತು ಸುತ್ತಿದರೆ ಗಾಡಿ ಎರಡು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಗಂಟೆಗೆ ಇಪ್ಪತ್ತು ಕಿಲೊಮೀಟರ್ ಎಂದರೆ ಚಕ್ರ ನಿಮಿಷಕ್ಕೆ ಸುಮಾರು 160 ಸುತ್ತು. ಬಾಸ್ 302ಕ್ಕೆ 2.78 ಅನುಪಾತದ ಮೊದಲ ಗೇರು, 3.50 ಅನುಪಾತದ ಹಿಂದಿನ ಹೌಸಿಂಗ್ (ಹಿಂದಿನ ಅಚ್ಚಿನ ಗೇರು) ಇದೆ ಎಂದಿಟ್ಟುಕೊಂಡರೆ ಎಂಜಿನ್ ಸುಮಾರು 1,550 ಆರ್‌ಪಿಎಂನಲ್ಲಿರುತ್ತದೆ. ಬಾಸ್ 429ಕ್ಕೆ ಮೊದಲ ಗೇರು 2.32, ಹೌಸಿಂಗ್ 3.91, ಅಲ್ಲಿ ಎಂಜಿನ್ ಸುಮಾರು 1,450 ಆರ್‌ಪಿಎಂ. ಹೆಚ್ಚುಕಡಿಮೆ ಎರಡೂ ಒಂದೇ ಎನ್ನಬಹುದು.

ಇನ್ನು ಎಳೆತದ ವಿಚಾರ. 302ರ ಗರಿಷ್ಠ ಟಾರ್ಕ್ 290 ಪೌಂಡ್-ಅಡಿ, ಅಂದರೆ ಸುಮಾರು 393 ನ್ಯೂಟನ್ ಮೀಟರ್, ಅದೂ 4,300 ಆರ್‌ಪಿಎಂನಲ್ಲಿ. 429ರದ್ದು 450 ಪೌಂಡ್-ಅಡಿ, ಸುಮಾರು 610 ನ್ಯೂಟನ್ ಮೀಟರ್, ಅದು 3,400 ಆರ್‌ಪಿಎಂನಲ್ಲೇ ಸಿಗುತ್ತದೆ. ಸಾಗರದವರು ಹೊಗಳಿದ ಆ ದೊಡ್ಡ ವಾಲ್ವುಗಳೇ ಇಲ್ಲಿ 302ಕ್ಕೆ ಮುಳುವು. ದೊಡ್ಡ ಪೋರ್ಟಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ನಿಧಾನವಾಗಿ ಹರಿಯುತ್ತದೆ, ಪೆಟ್ರೋಲು ಅದರೊಂದಿಗೆ ಸರಿಯಾಗಿ ಬೆರೆಯುವುದಿಲ್ಲ, ಎಂಜಿನ್ ತೊದಲುತ್ತದೆ. ಮೂರು ಸಾವಿರ ದಾಟುವವರೆಗೆ 302ಕ್ಕೆ ಉತ್ಸಾಹವಿಲ್ಲ ಎಂಬುದು ಅದನ್ನು ಇಟ್ಟುಕೊಂಡವರೆಲ್ಲ ಬಲ್ಲ ಸಂಗತಿ. ಮಲೆನಾಡಿನವರು ಗಾಡಿಯನ್ನು ಅಳೆಯುವುದೇ ಅಡಿಕೆ ಮೂಟೆ ಹೇರಿಕೊಂಡು ಕೆಸರಿನ ಏರಿನಲ್ಲಿ ಆಕ್ಸಿಲರೇಟರ್ ತುಳಿಯದೆ ಗುಡುಗುಡು ಎಂದು ಹತ್ತುವ ಹಳೆಯ ಜೀಪನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಅಳತೆಗೆ 429 ಹತ್ತಿರ, 302 ದೂರ.

ಹಾಗೆಂದು 302 ಘಾಟಿ ಹತ್ತುವುದಿಲ್ಲ ಎಂದು ಯಾರೂ ತಿಳಿಯಬಾರದು. ಹತ್ತಕ್ಕೆ ಒಂದರ ಏರು, ಜನ ಸಮೇತ ಗಾಡಿಯ ತೂಕ 1,600 ಕಿಲೊ ಎಂದು ಹಿಡಿದರೂ ಬೇಕಾಗುವ ತಳ್ಳುಬಲ ಸುಮಾರು 1,600 ನ್ಯೂಟನ್. ಉರುಳುವ ಘರ್ಷಣೆಗೆ ಇನ್ನಷ್ಟು ಸೇರಿಸಿದರೂ 2,000 ಮೀರದು. 302 ತನ್ನ ಗರಿಷ್ಠ ಟಾರ್ಕಿನ ಅರ್ಧವನ್ನಷ್ಟೇ ಕೊಟ್ಟರೂ ಮೊದಲ ಗೇರಿನಲ್ಲಿ ಚಕ್ರದ ಬಳಿ 5,500 ನ್ಯೂಟನ್ನಿಗೂ ಹೆಚ್ಚು ಸಿಗುತ್ತದೆ. ಆದ್ದರಿಂದ ಹತ್ತುವುದರಲ್ಲಿ ಎರಡಕ್ಕೂ ತೊಂದರೆಯಿಲ್ಲ. ಹತ್ತುವ ರೀತಿಯಲ್ಲಿ ಮಾತ್ರ ವ್ಯತ್ಯಾಸ. 302ನ್ನು ಓಡಿಸುವವನು ಪ್ರತಿ ತಿರುವಿನಲ್ಲೂ ಕ್ಲಚ್, ಗೇರು, ಆಕ್ಸಿಲರೇಟರ್ ಎಂದು ಕೈಕಾಲಿಗೆ ಕೆಲಸ ಕೊಡುತ್ತಿರಬೇಕು. 429 ಒಂದೇ ಗೇರಿನಲ್ಲಿ ಗೊಣಗದೆ ಮೇಲೆ ಬರುತ್ತದೆ.

ಉತ್ತರ 3
ಹೊಸನಗರದ ಓದುಗ

ಒಂದು ಸಣ್ಣ ಎಚ್ಚರಿಕೆಯ ಮಾತು. 290 ಮತ್ತು 375 ಅಶ್ವಶಕ್ತಿ ಎಂಬ ಅಂಕಿಗಳನ್ನು ಇಂದಿನ ಕಾರಿನ ಕರಪತ್ರದ ಅಂಕಿಗಳ ಪಕ್ಕದಲ್ಲಿ ಇಡಬಾರದೆಂದು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಅಮೆರಿಕದ ಕಂಪನಿಗಳು 1971ರವರೆಗೆ ಸಾಮಾನ್ಯವಾಗಿ ಗ್ರಾಸ್ ಅಳತೆಯನ್ನು ಪ್ರಕಟಿಸುತ್ತಿದ್ದವು. ಅಂದರೆ ಏರ್ ಕ್ಲೀನರ್, ಸೈಲೆನ್ಸರ್, ಫ್ಯಾನು ಮುಂತಾದ ಹೊರೆಗಳಿಲ್ಲದೆ ಎಂಜಿನ್ನನ್ನು ಬೆಂಚಿನ ಮೇಲಿಟ್ಟು ಅಳೆದದ್ದು. 1972ರಿಂದ ನೆಟ್ ಅಳತೆ ಜಾರಿಗೆ ಬಂದಾಗ ಅದೇ ಎಂಜಿನ್ನುಗಳ ಶಕ್ತಿ ಕಾಗದದ ಮೇಲೆ ಗಣನೀಯವಾಗಿ ಕುಸಿಯಿತು. ಅದರ ಮೇಲೆ, ಹೆಚ್ಚು ಶಕ್ತಿಯ ಕಾರಿಗೆ ವಿಮಾ ಕಂಪನಿಗಳು ಹೆಚ್ಚು ಕಂತು ಕೇಳುತ್ತಿದ್ದುದರಿಂದ ತಯಾರಕರು ಕೆಲವೊಮ್ಮೆ ಬೇಕೆಂದೇ ಕಡಿಮೆ ಅಂಕಿ ಬರೆಯುತ್ತಿದ್ದರು. ಕ್ಯಾಮರೊ ಝಡ್/28ಕ್ಕೂ 290, ಬಾಸ್ 302ಕ್ಕೂ 290 ಎಂಬುದನ್ನು ನೋಡಿದರೆ ಯಾರಿಗಾದರೂ ಅನುಮಾನ ಬರಬೇಕು.

ಇದಕ್ಕಿಂತ ನಂಬಲರ್ಹವಾದದ್ದು ಬೋರ್ ಮತ್ತು ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ). 302ರದ್ದು 101.6 ಮತ್ತು 76.2 ಮಿಲಿಮೀಟರ್, 429ರದ್ದು ಸುಮಾರು 110.7 ಮತ್ತು 91.2. 302 ತನ್ನ ಗರಿಷ್ಠ ಶಕ್ತಿ ಕೊಡುವ 5,800 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 14.7 ಮೀಟರ್. 429ಕ್ಕೆ 5,200 ಆರ್‌ಪಿಎಂನಲ್ಲಿ ಸುಮಾರು 15.8 ಮೀಟರ್. ಹೆಚ್ಚು ಸುತ್ತು ತಿರುಗುವ ಎಂಜಿನ್ನಿನ ಪಿಸ್ಟನ್ನೇ ನಿಧಾನವಾಗಿ ಚಲಿಸುತ್ತದೆ. ಗಿಡ್ಡ ಸ್ಟ್ರೋಕಿನ ಲಾಭವನ್ನು ಇದಕ್ಕಿಂತ ಸರಳವಾಗಿ ತೋರಿಸಲಾಗದು.

ಮರುಪ್ರಶ್ನೆ
ತುಂಗಾತೀರದ ಬೋಧಕ

ಮೂವರಿಗೂ ಕೃತಜ್ಞತೆಗಳು. ಪಿಸ್ಟನ್ ವೇಗದ ಲೆಕ್ಕವನ್ನೂ ಕಾರ್ಬುರೇಟರಿನ ಲೆಕ್ಕವನ್ನೂ ನಾನು ಹಾಗೆಯೇ ಕರಿಹಲಗೆಯ ಮೇಲೆ ಬರೆಯಲಿದ್ದೇನೆ. ಕೊಪ್ಪದವರ ವಾದ ನನಗೆ ಬಹಳಮಟ್ಟಿಗೆ ಒಪ್ಪಿಗೆಯಾಯಿತು. ಆದರೆ ಅವರು ಏರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಘಾಟಿ ಹತ್ತಿದವನು ಇಳಿಯಲೇಬೇಕಲ್ಲವೇ? ಅದರಲ್ಲೂ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆಷಾಢದಲ್ಲಿ ಒದ್ದೆ ರಸ್ತೆಯ ಮೇಲೆ ಇಳಿಯುವಾಗ ಈ ಎರಡರಲ್ಲಿ ಯಾವುದನ್ನು ನಂಬಬಹುದು ಎಂಬುದನ್ನು ದಯವಿಟ್ಟು ವಿವರಿಸಿ.

ಉತ್ತರ 4
ಸಾಗರದವ, ಸದ್ಯ ಮಿಶಿಗನ್

ಕೊಪ್ಪದವರ ಏರಿನ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಇಪ್ಪತ್ತು ಕಿಲೊಮೀಟರ್ ವೇಗದಲ್ಲಿ 429 ಹೆಚ್ಚು ನೆಮ್ಮದಿಯ ಗಾಡಿ ಎಂಬುದು ಸರಿ. ಇಳಿಜಾರಿನಲ್ಲಿ ಮಾತ್ರ ಪರಿಸ್ಥಿತಿ ತಿರುಗುಮುರುಗಾಗುತ್ತದೆ.

ಬಾಸ್ 429ರ ಹೆಡ್ಡುಗಳು ಅಲ್ಯೂಮಿನಿಯಂನವಾದರೂ ಒಟ್ಟು ಎಂಜಿನ್ 302ಕ್ಕಿಂತ ಬಹಳ ಭಾರ, ಆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದ್ದಕ್ಕೆ ಮುಖ್ಯ ಕಾರಣ ಜಾಗದ ಅಭಾವವಾದರೂ ತೂಕದ ಹಂಚಿಕೆಗೆ ಅದರಿಂದ ಒಂದಿಷ್ಟು ಸಹಾಯವಾಯಿತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಇದ್ದ ತೂಕವೂ ಮುಂದಕ್ಕೆ ಜರುಗುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ಆಗ ಮುಂಭಾರದ ಗಾಡಿ ಸ್ಟಿಯರಿಂಗ್ ತಿರುಗಿಸಿದರೂ ಸ್ವಲ್ಪ ದೂರ ನೇರವಾಗಿಯೇ ಹೋಗಬಯಸುತ್ತದೆ. ಘಾಟಿಯ ಅಂಚಿನಲ್ಲಿ ಆ ಸ್ವಲ್ಪ ದೂರ ಎಂದರೆ ಏನು ಎಂದು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಫೋರ್ಡ್ ಇದನ್ನು ಅರಿಯದೆ ಬಿಟ್ಟಿರಲಿಲ್ಲ. ಶಾಕ್ ಟವರುಗಳನ್ನು ಸರಿಸುವಾಗಲೇ ಮುಂದಿನ ಸಸ್ಪೆನ್ಷನ್ನಿನ ಜೋಡಣೆಯನ್ನು ಬದಲಿಸಿದರು, ಎಂಜಿನ್ನಿಗೆ ಆಯಿಲ್ ಕೂಲರ್ ಕೊಟ್ಟರು, 1969ರಲ್ಲೇ ಹಿಂದಿನ ಅಚ್ಚಿಗೂ ಆಂಟಿರೋಲ್ ಬಾರ್ ಹಾಕಿದರು. ಅದು 302ಕ್ಕೆ ಬಂದದ್ದು ಮರುವರ್ಷ. ಆದ್ದರಿಂದ 429 ತಿರುಗುವುದೇ ಇಲ್ಲ ಎಂಬ ಮಾತು ಅತಿಶಯೋಕ್ತಿ. ಆದರೆ ತೂಕವನ್ನು ಯಾವ ಬಾರ್ ಹಾಕಿಯೂ ಕರಗಿಸಲಾಗದು.

ಮಳೆಯಲ್ಲಂತೂ 610 ನ್ಯೂಟನ್ ಮೀಟರ್ ಟಾರ್ಕ್ ವರವಾಗುವುದಕ್ಕಿಂತ ಹೆಚ್ಚಾಗಿ ತಲೆನೋವಾಗುತ್ತದೆ. ಎರಡೂ ಕಾರುಗಳ ಹಿಂದಿನ ಅಚ್ಚು ಲೀಫ್ ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಅಚ್ಚು. ಮೂಲ ಟೈರುಗಳು ಗುಡ್‌ಇಯರ್ ಪಾಲಿಗ್ಲಾಸ್, ಅಂದರೆ ರೇಡಿಯಲ್ ಅಲ್ಲದವು. ಒದ್ದೆ ತಿರುವಿನಲ್ಲಿ ಕಾಲು ತುಸು ಭಾರವಾದರೂ 429ರ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. 302 ಕೆಳಗಿನ ಆರ್‌ಪಿಎಂನಲ್ಲಿ ಸೋಮಾರಿ ಎಂದು ಕೊಪ್ಪದವರು ದೂರಿದರಲ್ಲ, ಮಳೆಗಾಲದಲ್ಲಿ ಆ ಸೋಮಾರಿತನವೇ ಓಡಿಸುವವನನ್ನು ಕಾಯುತ್ತದೆ.

302 ತನ್ನ ಉದ್ದೇಶವನ್ನು ಕೊನೆಗೂ ಸಾಧಿಸಿದ್ದನ್ನು ಇಲ್ಲಿ ಹೇಳಲೇಬೇಕು. 1969ರ ಟ್ರಾನ್ಸ್-ಆಮ್ ಸರಣಿ ಮತ್ತೆ ಕ್ಯಾಮರೊ ಪಾಲಾಯಿತು. 1970ರಲ್ಲಿ ಬಡ್ ಮೂರ್ ತಂಡದ ಪಾರ್ನೆಲಿ ಜೋನ್ಸ್ ಮತ್ತು ಜಾರ್ಜ್ ಫಾಲ್ಮರ್ ಅವರು ಬಾಸ್ 302ಗಳನ್ನು ಓಡಿಸಿ ಫೋರ್ಡ್‌ಗೆ ತಯಾರಕರ ಪ್ರಶಸ್ತಿ ತಂದುಕೊಟ್ಟರು. ಅಷ್ಟರಲ್ಲಿ ಈ ಎರಡೂ ಕಾರುಗಳ ಬೆನ್ನಿಗೆ ನಿಂತಿದ್ದ ಫೋರ್ಡ್ ಅಧ್ಯಕ್ಷ ಬಂಕಿ ಕ್ನೂಡ್ಸನ್ ಅವರನ್ನು ಎರಡನೆಯ ಹೆನ್ರಿ ಫೋರ್ಡ್ 1969ರ ಸೆಪ್ಟೆಂಬರಿನಲ್ಲಿ ಕೆಲಸದಿಂದ ತೆಗೆದಾಗಿತ್ತು. 1968ರ ಫೆಬ್ರವರಿಯಲ್ಲಷ್ಟೇ ಬಂದಿದ್ದ ಮನುಷ್ಯ. ಗೆಲುವನ್ನು ನೋಡಲು ಅವರು ಆ ಕಚೇರಿಯಲ್ಲಿ ಇರಲಿಲ್ಲ.

ಉತ್ತರ 5
ಭದ್ರಾವತಿಯ ಮಾದರಿ ಸಂಗ್ರಾಹಕ

ನನ್ನ ಬಳಿ ಇರುವುದು ಅಂಗೈ ಮೇಲೆ ಹಿಡಿಯುವ ಲೋಹದ ಮಾದರಿಗಳು ಮಾತ್ರ. ಚಿತ್ರ ತೋರಿಸಿ ಪಾಠ ಮಾಡುವುದಾದರೆ ಗುರುತಿಸುವ ಬಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಮುಂದೆ ನಾಲ್ಕು ದೀಪಗಳಿದ್ದರೆ 1969ರ ಕಾರು, ಎರಡಿದ್ದರೆ 1970ರದ್ದು. ಬದಿಯಲ್ಲಿ ದೊಡ್ಡ ಕಪ್ಪು ಪಟ್ಟಿ ಇದ್ದರೆ 302. ಪಟ್ಟಿಯೇ ಇಲ್ಲದೆ, ಬಾನೆಟ್ ಮೇಲೆ ದೊಡ್ಡದೊಂದು ಗಾಳಿಗಿಂಡಿ ಮತ್ತು ಮುಂದಿನ ಫೆಂಡರಿನ ಮೇಲೆ ಸಣ್ಣ ಅಕ್ಷರದ ಹೆಸರು ಇದ್ದರೆ 429. ಹೆಚ್ಚು ಬೆಲೆಯ ಕಾರೇ ಕಡಿಮೆ ಸದ್ದು ಮಾಡುವ ವೇಷದಲ್ಲಿ ಬಂದದ್ದು ನನಗೆ ಇಷ್ಟ. ಅಸಲಿಯೋ ನಕಲಿಯೋ ಎಂದು ನೋಡುವವರು ಚಾಸಿ ಸಂಖ್ಯೆಯೊಳಗಿನ ಎಂಜಿನ್ ಅಕ್ಷರವನ್ನು ಪರಿಶೀಲಿಸುತ್ತಾರೆ: 302ಕ್ಕೆ ಜಿ, 429ಕ್ಕೆ ಝಡ್.

ಉತ್ತರ 6
ಕೊಪ್ಪದ ಗ್ಯಾರೇಜು

ಇಳಿಜಾರಿನ ಬಗ್ಗೆ ಸಾಗರದವರು ಹೇಳಿದ್ದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ: ಘಾಟಿಯಲ್ಲಿ ಎರಡಕ್ಕೂ ಸಮಾನವಾದ ದೊಡ್ಡ ತೊಂದರೆ ಎಡಗಡೆಯ ಸ್ಟಿಯರಿಂಗ್. ನಾವು ರಸ್ತೆಯ ಎಡಕ್ಕೆ ಓಡಿಸುವವರು. ಚಾಲಕನೂ ಎಡಕ್ಕೇ ಕೂತರೆ ಮುಂದಿನ ಗಾಡಿಯನ್ನು ಹಿಂದಿಕ್ಕುವಾಗ ಎದುರಿನಿಂದ ಬರುವ ವಾಹನ ಕಾಣುವುದೇ ಇಲ್ಲ. ಎಡ ಸ್ಟಿಯರಿಂಗಿನ ಗಾಡಿಗೆ ನಿಗದಿತ ಸಂಕೇತ ಸಾಧನ ಇರಲೇಬೇಕೆಂದು ನಮ್ಮ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಸಾಧನ ಎದುರಿನವರಿಗೆ ತಿಳಿಸುತ್ತದೆಯೇ ಹೊರತು ನಮಗೆ ತೋರಿಸುವುದಿಲ್ಲ. ಇನ್ನು 302ರ ಗಲ್ಲದ ಕೆಳಗಿನ ಸ್ಪಾಯ್ಲರ್ ತೀರ್ಥಹಳ್ಳಿಯ ಮೊದಲ ಹಂಪಿನಲ್ಲೇ ಕಳಚಿ ಬೀಳುತ್ತದೆಂದು ನಾನು ಬಾಜಿ ಕಟ್ಟಬಲ್ಲೆ.

ರಿಪೇರಿಯ ದೃಷ್ಟಿಯಿಂದಲೂ ಹೋಲಿಸಬೇಕು; ಡಿಪ್ಲೊಮಾ ಮುಗಿಸಿ ಹುಡುಗರು ಮಾಡುವುದು ಅದನ್ನೇ ತಾನೇ. 302ರಲ್ಲಿ ವಾಲ್ವುಗಳನ್ನು ಎತ್ತುವ ಲಿಫ್ಟರುಗಳು ಸಾಲಿಡ್, ಅಂದರೆ ಗ್ಯಾಪನ್ನು ತಾವೇ ಸರಿಮಾಡಿಕೊಳ್ಳದವು, ಹಾಗಾಗಿ ಟ್ಯಾಪೆಟ್ ಗ್ಯಾಪನ್ನು ಆಗಾಗ ಸರಿಪಡಿಸುತ್ತಲೇ ಇರಬೇಕು. 429ರ ಮೊದಮೊದಲ ಕಾರುಗಳಲ್ಲಿ ಹೈಡ್ರಾಲಿಕ್ ಲಿಫ್ಟರುಗಳಿದ್ದವು, ಆಮೇಲೆ ಅಲ್ಲಿಯೂ ಸಾಲಿಡ್ ಬಂತು. ಕೆಲಸ ಒಂದೇ ಆದರೂ ಮಾಡುವ ಕಷ್ಟ ಒಂದೇ ಅಲ್ಲ. 429ರ ವಾಲ್ವ್ ಕವರುಗಳು ಶಾಕ್ ಟವರಿಗೆ ತಾಗುವಷ್ಟು ಹತ್ತಿರ ಇರುವುದರಿಂದ ಅವನ್ನು ಹೊರತೆಗೆಯುವುದೇ ಒಂದು ಸಾಹಸ. ಅದರ ಸ್ಪಾರ್ಕ್ ಪ್ಲಗ್ಗುಗಳು ಆ ಕವರುಗಳ ನಡುವಿನಿಂದಲೇ ಇಳಿಯುತ್ತವೆ. ಹೆಡ್ಡಿಗೂ ಬ್ಲಾಕಿಗೂ ನಡುವೆ ಮಾಮೂಲಿ ಗ್ಯಾಸ್ಕೆಟ್ ಇಲ್ಲ. ಪ್ರತಿ ಸಿಲಿಂಡರಿಗೂ ನೀರಿನ, ಎಣ್ಣೆಯ ದಾರಿಗೂ ಬೇರೆ ಬೇರೆ ಉಂಗುರಗಳು. ಅವನ್ನು ಕೂರಿಸಲು ತಾಳ್ಮೆಯೂ ಸ್ವಚ್ಛವಾದ ಕೈಯೂ ಬೇಕು. 302ರ ಹೆಸರಾಂತ ದೋಷವೆಂದರೆ ಮೂಲ ಪಿಸ್ಟನ್ನುಗಳ ಸ್ಕರ್ಟ್ ಬಿರುಕು ಬಿಡುವುದು; ಒಮ್ಮೆ ಎಂಜಿನ್ ಬಿಚ್ಚಿ ಈಗಿನ ಒಳ್ಳೆಯ ಪಿಸ್ಟನ್ ಹಾಕಿಬಿಟ್ಟರೆ ಆ ಚಿಂತೆ ಮುಗಿಯಿತು.

ಪೆಟ್ರೋಲಿನ ವಿಷಯದಲ್ಲಿ ಮಾತ್ರ 429ಕ್ಕೆ ಒಂದು ಅನುಕೂಲವಿದೆ. ಎರಡರದ್ದೂ ಕಂಪ್ರೆಷನ್ ಅನುಪಾತ 10.5. ಎರಡೂ ಸೀಸ ಬೆರೆಸಿದ ದುಬಾರಿ ಪೆಟ್ರೋಲಿಗೆಂದು ತಯಾರಾದವು. ಸೀಸವಿಲ್ಲದ ಈಗಿನ ಪೆಟ್ರೋಲಿನಲ್ಲಿ 302ರ ಎರಕದ ಕಬ್ಬಿಣದ ಹೆಡ್ಡಿನ ವಾಲ್ವ್ ಸೀಟುಗಳು ಕಾಲಕ್ರಮೇಣ ಸವೆಯುತ್ತವೆ. ಲೇತಿನವರ ಬಳಿ ಕೊಂಡೊಯ್ದು ಗಟ್ಟಿ ಸೀಟು ಹಾಕಿಸಬೇಕು. ಅಲ್ಯೂಮಿನಿಯಂ ಹೆಡ್ಡಿಗೆ ಮೊದಲಿನಿಂದಲೂ ಬೇರೆ ಲೋಹದ ಸೀಟನ್ನು ಒತ್ತಿ ಕೂರಿಸಿರಲೇಬೇಕಾದ್ದರಿಂದ 429ಕ್ಕೆ ಆ ಭಯ ಕಡಿಮೆ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಎರಡರ ಹಳೆಯ ರಬ್ಬರ್ ಪೈಪುಗಳನ್ನೂ ಕಾರ್ಬುರೇಟರಿನ ಗ್ಯಾಸ್ಕೆಟ್ಟುಗಳನ್ನೂ ಮೊದಲೇ ಬದಲಿಸಿಕೊಳ್ಳುವುದು ಒಳ್ಳೆಯದು.

ಬೋಧಕರ ವಿದ್ಯಾರ್ಥಿಗೆ ನನ್ನ ಉತ್ತರ ಇಷ್ಟೇ: ಸೋಮೇಶ್ವರದಿಂದ ಹತ್ತುವುದಾದರೆ 429ರ ಕೀಲಿ ಕೊಡಿ, ಆಗುಂಬೆಯಿಂದ ಇಳಿಯುವುದಾದರೆ 302ರದ್ದು. ಗ್ಯಾರೇಜಿಗೆ ತರುವುದಾದರೆ 302ನ್ನೇ ತನ್ನಿ, 429ರ ಪ್ಲಗ್ಗು ಬಿಚ್ಚುವಷ್ಟು ಸಣ್ಣ ಕೈ ನನ್ನದಲ್ಲ.